ಶ್ವೈಟ್ಸರನ ಸಂಕಲ್ಪ

ಪೂಜೆಗೆ ಕುಳಿತವನು ಮೊದಲು ಸಂಕಲ್ಪವನ್ನು ಹೇಳುತ್ತಾನೆ. ದೇಶಕಾಲಗಳನ್ನು ಉಚ್ಚರಿಸಿದ ಬಳಿಕವೇ ‘ಕರಿಷ್ಯೇ’ ಎಂಬ ಮಾತು ಬರುವುದು. ಮಾಡಬೇಕೆಂಬ ಇಚ್ಛೆಯೊಂದೇ ಸಂಕಲ್ಪವಾಗದು. ಎಂದು, ಎಲ್ಲಿ ಎಂಬ ಕಟ್ಟು ಅದಕ್ಕೆ ಬೇಕು. ಕ್ರೈಸ್ತ ಪಾದ್ರಿಯೊಬ್ಬನ ಮಗನಾದ ಆಲ್ಬರ್ಟ್ ಶ್ವೈಟ್ಸರನ ಜೀವನಚರಿತ್ರೆಯನ್ನು ಓದುವಾಗ ಈ ವಿಧಿಯು ನೆನಪಿಗೆ ಬಾರದಿರದು. ಆತನು ಕಾಲವನ್ನು ಮೊದಲು ಗೊತ್ತುಮಾಡಿಕೊಂಡನು. ದೇಶವೂ ಕರ್ಮವೂ ಎಷ್ಟೋ ವರ್ಷಗಳ ಅನಂತರ ಕಂಡುಬಂದುವು.

ಶ್ವೈಟ್ಸರನು ಹುಟ್ಟಿದ್ದು 1875ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಆಲ್ಸೇಸ್ ಪ್ರಾಂತದಲ್ಲಿ. 1896ರ ಪೆಂತೆಕೊಸ್ತ ಹಬ್ಬದ ರಜೆಯಲ್ಲಿ ಆತನು ಗ್ಯೂನ್ಸ್‌ಬಾಖ್ ಗ್ರಾಮದ ತಂದೆಯ ಮನೆಯಲ್ಲಿದ್ದನು. ಬೆಳಗ್ಗೆ ಎಚ್ಚರವಾದಾಗ ಹೊರಗೆ ಹಕ್ಕಿಗಳು ಕೂಗುತ್ತಿದ್ದುವು. ಇಷ್ಟು ಸುಖವನ್ನು ತನ್ನ ಹಕ್ಕೆಂದು ಸುಮ್ಮನೆ ಅನುಭವಿಸಲಾಗದು, ಇದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡಬೇಕು ಎಂಬ ಭಾವನೆಯು ಆತನಲ್ಲಿ ಮೂಡಿತು. ಹಾಸಿಗೆಯಿಂದ ಏಳುವ ಮುನ್ನವೇ ನಿಶ್ಚಯವಾಯಿತು: ಮೂವತ್ತು ವರ್ಷದವರೆಗೆ ಶಾಸ್ತ್ರ ಮತ್ತು ಸಂಗೀತ, ಅಲ್ಲಿಂದ ಮುಂದೆ ಮನುಷ್ಯರ ನೇರವಾದ ಸೇವೆ. ಪ್ರಾಣವನ್ನು ಉಳಿಸಿಕೊಳ್ಳಹೋಗುವವನು ಅದನ್ನು ಕಳೆದುಕೊಳ್ಳುವನೆಂಬ ಯೇಸುವಿನ ಮಾತಿನ ಅರ್ಥವನ್ನು ಆತನು ಬಹುಕಾಲದಿಂದ ಹುಡುಕುತ್ತಿದ್ದನು. ಅಂದು ಅದು ತಿಳಿಯಿತೆಂದು ಬರೆದಿರುವನು. ಆಗ ಆತನಿಗೆ 21 ವರ್ಷ.

ಸೇವೆಯು ಯಾವುದೆಂಬುದು ಮಾತ್ರ ತಿಳಿದಿರಲಿಲ್ಲ. ನಮ್ಮಲ್ಲಿ ಅನೇಕರು ಇದಕ್ಕೆ ವಿಪರೀತವಾಗಿ ಕೆಲಸವನ್ನು ಮೊದಲು ಆರಿಸಿ, ದಿನವನ್ನು ಮುಂದಕ್ಕೆ ಹಾಕುತ್ತಾ ಹೋಗುವುದುಂಟು. ಶ್ವೈಟ್ಸರನು ಸ್ಟ್ರಾಸ್‌ಬರ್ಗಿನಲ್ಲಿ ಅನಾಥ ಬಾಲಕರನ್ನು ಸಾಕಬೇಕೆಂದು ಯತ್ನಿಸಿದನು, ನಿಯಮಗಳು ಅಡ್ಡಬಂದುವು. ಅಲೆಮಾರಿಗಳಿಗೂ ಸೆರೆಯಿಂದ ಬಿಡುಗಡೆಯಾದವರಿಗೂ ನೆರವಾದನು; ಅದರಲ್ಲಿಯೂ ಮನಸ್ಸು ನೆಲೆಗೊಳ್ಳಲಿಲ್ಲ. 1904ರ ಶರತ್ಕಾಲದಲ್ಲಿ ಪ್ಯಾರಿಸಿನ ಮಿಷನ್ ಸಂಘದವರ ಹಸುರು ಹೊದಿಕೆಯ ಪತ್ರಿಕೆಯೊಂದು ಆತನ ಮೇಜಿನ ಮೇಲೆ ಬಿದ್ದಿತ್ತು. ಆಫ್ರಿಕದ ಗ್ಯಾಬೊನ್ ಪ್ರದೇಶದಲ್ಲಿ ಕೆಲಸಗಾರರಿಲ್ಲವೆಂಬ ಲೇಖನವನ್ನು ಓದಿ ಮುಗಿಸಿ, ಪತ್ರಿಕೆಯನ್ನು ಬದಿಗಿಟ್ಟು, ತನ್ನ ಎಂದಿನ ಬರೆವಣಿಗೆಗೆ ಕುಳಿತನು. ಹುಡುಕಾಟವು ಮುಗಿದಿತ್ತು.

1905ರ ಅಕ್ಟೋಬರ್ 13ರಂದು, ತಾನು ವೈದ್ಯಶಾಸ್ತ್ರವನ್ನು ಓದಿ ಆಫ್ರಿಕಕ್ಕೆ ಹೋಗುವೆನೆಂದು ಬಂಧುಮಿತ್ರರಿಗೆ ಬರೆದ ಪತ್ರಗಳನ್ನು ಪ್ಯಾರಿಸಿನಲ್ಲಿ ಅಂಚೆಗೆ ಹಾಕಿದನು. ಆ ವೇಳೆಗೆ ಆತನು ದೇವತಾಶಾಸ್ತ್ರದ ಅಧ್ಯಾಪಕ, ವಿದ್ಯಾರ್ಥಿನಿಲಯದ ಮುಖ್ಯಸ್ಥ, ಬಾಖನ ಸಂಗೀತವನ್ನು ಕುರಿತು ಗ್ರಂಥ ಬರೆದ ಆರ್ಗನ್ ವಾದಕ. ಮಿತ್ರರು ಕೋಪಗೊಂಡರು. ಸೇನಾಪತಿಯು ಬಂದೂಕು ಹಿಡಿದು ಸಿಪಾಯಿಗಳ ಸಾಲಿಗೆ ಹೋಗುವಂತಿದೆಯೆಂದು ಸಂಗೀತಗುರು ವಿಡೋರನು ಗದರಿಸಿದನು. ಆತನ ಉತ್ತರವು ಸರಳವಾಗಿತ್ತು: ಇಷ್ಟು ದಿನ ಮಾತಿನಿಂದ ಕೊಟ್ಟದ್ದಾಯಿತು, ಇನ್ನು ಪ್ರೇಮಧರ್ಮವನ್ನು ಬೋಧಿಸದೆ ಆಚರಿಸಬೇಕು, ಅದಕ್ಕೆ ವೈದ್ಯವೃತ್ತಿಯೇ ತಕ್ಕುದು. ಮೂವತ್ತು ದಾಟಿದ ಪಂಡಿತನು ಅಂಗರಚನಾಶಾಸ್ತ್ರದ ಪಾಠಕ್ಕೆ ಹುಡುಗರೊಡನೆ ಬೆಂಚಿನ ಮೇಲೆ ಕುಳಿತನು. ಉಪನಿಷತ್ತಿನಲ್ಲಿ ಸಕಲವಿದ್ಯೆಗಳನ್ನೂ ಕಲಿತ ನಾರದನು ಸನತ್ಕುಮಾರನ ಮುಂದೆ ಶಿಷ್ಯನಾಗಿ ನಿಂತದ್ದು ಇಲ್ಲಿ ಸ್ಮರಣೀಯ.

ವಿಚಿತ್ರವಾದ ಅಡ್ಡಿಯೊಂದು ಸ್ವಮತದವರಿಂದಲೇ ಬಂದಿತು. ಯೇಸುವನ್ನು ಕುರಿತು ಶ್ವೈಟ್ಸರನು ಬರೆದುದು ಮಿಷನ್ ಸಂಘದ ಕೆಲವು ಸದಸ್ಯರಿಗೆ ಒಪ್ಪಿಗೆಯಾಗಿರಲಿಲ್ಲ. ಆತನು ಅವರಲ್ಲಿ ಒಬ್ಬೊಬ್ಬರ ಮನೆಗೂ ಹೋಗಿ, ತಾನು ವೈದ್ಯನಾಗಿ ಮಾತ್ರ ಇರುವುದಾಗಿಯೂ, ಉಳಿದ ವಿಷಯದಲ್ಲಿ ಮೀನಿನಂತೆ ಮೂಕನಾಗಿರುವುದಾಗಿಯೂ ವಚನವಿತ್ತನು. ಖರ್ಚಿನ ಹಣವನ್ನೂ ತಾನೇ ಕೂಡಿಸಿದನು. 1913ರ ಏಪ್ರಿಲಿನಲ್ಲಿ ಒಗೊವೆ ನದಿಯ ತೀರದ ಲಾಂಬರೆನೆಯನ್ನು ಸೇರಿದಾಗ ಚಿಕಿತ್ಸೆಗೆ ದೊರೆತದ್ದು ಒಂದು ಹಳೆಯ ಕೋಳಿಮನೆ.

ನಮ್ಮ ಕರ್ಮಗಳಲ್ಲಿ ಗೃಹಸ್ಥನ ಸಂಕಲ್ಪಕ್ಕೆ ಪತ್ನಿಯೂ ಭಾಗಿ. 1912ರಲ್ಲಿ ಶ್ವೈಟ್ಸರನ ಕೈಹಿಡಿದ ಹೆಲೆನೆಯು ರೋಗಿಗಳ ಶುಶ್ರೂಷೆಯನ್ನು ಕಲಿತು ಜತೆಯಲ್ಲಿ ಬಂದವಳು. ಮಹಾಪುರುಷರ ಚರಿತ್ರಕಾರರು ಇಂಥವರನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ವಾಡಿಕೆ, ಅದು ನ್ಯಾಯವಲ್ಲ. ಯುದ್ಧಕಾಲದಲ್ಲಿ, 1917ರಲ್ಲಿ, ಫ್ರೆಂಚರು ದಂಪತಿಗಳನ್ನು ಜರ್ಮನ್ ಪ್ರಜೆಗಳೆಂದು ಬಂದಿಗಳನ್ನಾಗಿ ಫ್ರಾನ್ಸಿಗೆ ಒಯ್ದರು. 1924ರಲ್ಲಿ ಆತನು ಮತ್ತೆ ಆಫ್ರಿಕಕ್ಕೆ ಹೊರಟಾಗ ಆಕೆಯ ದೇಹದಲ್ಲಿ ಆ ಹವೆಗೆ ತಾಳುವ ಶಕ್ತಿಯಿರಲಿಲ್ಲ. ಆಕೆಯು ಸಮ್ಮತಿಯನ್ನು ಕೊಟ್ಟು, ಐದು ವರ್ಷದ ಮಗಳೊಡನೆ ಯೂರೋಪಿನಲ್ಲಿಯೇ ಉಳಿದಳು.