ಮೊದ್ಲ ತಿಂದ್ ನೋಡ್ರಿ

ಚಿಕ್ಕೋಡಿಯ ಒಂದು ಹಳೇ ಮಿಠಾಯಿ ಅಂಗಡಿ. ಅರ್ಧ ಕಿಲೋ ಕುಂದಾ ಕೇಳಿದೆ. ಮಾಲೀಕರು ತಕ್ಕಡಿ ಮುಟ್ಟಲಿಲ್ಲ. ಚಮಚದ ತುದಿಯಷ್ಟು ತೆಗೆದು ನನ್ನ ಅಂಗೈಗಿಟ್ಟು, "ಮೊದ್ಲ ತಿಂದ್ ನೋಡ್ರಿ, ಆಮ್ಯಾಲ ತೂಗೂಣು" ಅಂದರು. ಇನ್ನೂ ಬೆಚ್ಚಗಿತ್ತು. ಹಾಲು ಕುದ್ದು ಕುದ್ದು ಕಂದಾದ ಆ ಘಮ!

ಪಕ್ಕದಲ್ಲಿ ನಿಪ್ಪಾಣಿ ಕಡೆಯ ಅಜ್ಜಿ ಮರಾಠಿಯಲ್ಲಿ ಪೇಢೆ ಕೇಳಿದರು. ಉತ್ತರ ಮರಾಠಿಯಲ್ಲಿ, ಲೆಕ್ಕ ಕನ್ನಡದಲ್ಲಿ, ರುಚಿಗೆ ಅವರ ಕೈಗೂ ಒಂದು ಚೂರು. ಗೋಕಾಕ ಕರದಂಟಿನ ತುಂಡು ಮಾತ್ರ ಯಾರ ಅಂಗೈಗೂ ಬೀಳಲಿಲ್ಲ. ಗೋಡಂಬಿ ರೇಟ್ ಹಂಗೈತಿ, ಪಾಪ.

ಕೈ ತೊಳೆಯದೆ ರಾಯಬಾಗದ ಬಸ್ ಹತ್ತಿದೆ. ಕಂಡಕ್ಟರ್ ನೋಟು ಹಿಡಿದು ಬೆರಳು ನೋಡಿಕೊಂಡ: "ಏನ್ರೀ ಸರ, ಕುಂದಾ ಏನು?"