ಸಾಣಾಪುರದ ದಾರಿಯಲ್ಲಿ ಗಾಳಿ

ಹೊಸಪೇಟೆಯಿಂದ ಕಮಲಾಪುರ, ಅಲ್ಲಿಂದ ಬುಕ್ಕಸಾಗರ, ಸೇತುವೆ ದಾಟಿ ಕಡೆಬಾಗಿಲು, ಆನೆಗೊಂದಿ, ಸಾಣಾಪುರ, ಮುನಿರಾಬಾದ್, ಮತ್ತೆ ಹೊಸಪೇಟೆ. ತುಂಗಭದ್ರೆಗೆ ಒಂದು ಸುತ್ತು ಹಾಕಿ ಬರುವ ಈ ದಾರಿ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಹಂಪಿಯ ದಂಡೆಗೆ ಬಾಳೆ, ಕಬ್ಬು. ಆಚೆ ದಂಡೆಗೆ ಭತ್ತ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಬಂಡೆಗಳ ಬಗ್ಗೆ ಎಲ್ಲರೂ ಬರೆದಾಗಿದೆ, ಅವನ್ನು ಬಿಡುತ್ತೇನೆ.

ಬಿಡಲಾಗದ್ದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡ ನಮ್ಮ ಬಯಲುಸೀಮೆಯ ರಸ್ತೆಯಂಚನ್ನೆಲ್ಲ ಆಕ್ರಮಿಸಿದೆ. ಬೇಲಿಗೋ ಸೌದೆಗೋ ಕಡಿದು ಎಳೆದುಕೊಂಡು ಹೋಗುವಾಗ ಮುಳ್ಳು ಡಾಂಬರಿನ ಮೇಲೆ ಉದುರುತ್ತದೆ. ಎದುರಿನಿಂದ ಬಸ್ಸು ಬಂದಾಗ ಸೈಕಲ್ಲಿನವನು ಇಳಿಯಬೇಕಾದದ್ದು ಸರಿಯಾಗಿ ಆ ಅಂಚಿಗೇ.

ಅಂಜನಾದ್ರಿ ಬೆಟ್ಟದ ಬುಡದ ಜನಜಂಗುಳಿ ದಾಟಿ, ಹನುಮನಹಳ್ಳಿಯೂ ಹಿಂದೆ ಬಿದ್ದ ಮೇಲೆ ಹಿಂದಿನ ಗಾಲಿ ತೂಗಾಡತೊಡಗಿತು. ಮೈಭಾರ ಹೆಚ್ಚು ಬೀಳುವುದು ಹಿಂದಿನ ಗಾಲಿಗೆ. ಚೈನು, ಗೇರು ಇರುವುದೂ ಅಲ್ಲೇ, ಬಿಚ್ಚಿದರೆ ಕೈಯೆಲ್ಲ ಮಸಿ. ಒಂದು ಬಂಡೆಯ ನೆರಳಿಗೆ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದೆ. ಟೈರನ್ನು ಸುತ್ತ ಸವರಿದರೆ ಮುಳ್ಳಿನ ಬುಡ ಬೆರಳಿಗೆ ಸಿಕ್ಕಿತು. ಕೀಳುವವರೆಗೆ ಅದೇ ಬಿರಡೆ. ಕಿತ್ತ ಕೂಡಲೇ ಉಳಿದ ಗಾಳಿಯೆಲ್ಲ ಬುಸ್ಸೆಂದು ಹೊರಗೆ ಬಂತು.

ಟ್ಯೂಬು ಬದಲಿಸುವುದು ದೊಡ್ಡ ಕೆಲಸವಲ್ಲ. ಹೊಸ ಟ್ಯೂಬಿಗೆ ಮೊದಲು ಒಂದಿಷ್ಟು ಗಾಳಿ ಕೊಟ್ಟು ದುಂಡಗೆ ಮಾಡಿಕೊಂಡರೆ ಟೈರಿನೊಳಗೆ ತಿರುಚಿಕೊಳ್ಳುವುದಿಲ್ಲ. ಹಾಕುವ ಮುನ್ನ ಟೈರಿನ ಒಳಮೈಯನ್ನು ಬೆರಳಿಂದ ತಡವಬೇಕು, ಮುರಿದ ಮುಳ್ಳಿನ ತುದಿ ಉಳಿದಿದ್ದರೆ ಹೊಸದಕ್ಕೂ ಅದೇ ಗತಿ. ಬೆವರು ಕೀಳುವುದು ಆಮೇಲೆ. ಚೀಲದಲ್ಲಿ ಒಯ್ಯುವ ಗೇಣುದ್ದದ ಪಂಪು ಮೊದಮೊದಲು ಸಲೀಸಾಗಿ ಓಡುತ್ತದೆ. ಟೈರು ಬಿಗಿಯಾದಂತೆ ಒಂದೊಂದು ಒತ್ತೂ ಜಗಳ. ಒತ್ತಿದ ಗಾಳಿ ಬಿಸಿಯಾಗಿ ಪಂಪಿನ ಬುಡ ಮುಟ್ಟಲಾಗದಷ್ಟು ಕಾಯುತ್ತದೆ. ನನ್ನ 32 ಮಿಲಿಮೀಟರ್ ಟೈರಿಗೆ 70 ಪಿಎಸ್‌ಐ ಬೇಕು. ಅದರ ಅರ್ಧಕ್ಕೇ ರಟ್ಟೆ ಕೈಬಿಟ್ಟಿತು.

ಅಷ್ಟರಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬಂದ ಹಿರಿಯರೊಬ್ಬರು ತಮ್ಮ ಸೈಕಲ್ಲು ನಿಲ್ಲಿಸಿದರು. "ಪಿಚಕಾರಿ ಇದ್ದಂಗೈತಿ, ಇದ್ರಾಗ ಗಾಳಿ ತುಂಬತೈತೇನ್ರೀ?" ಕೇಳಿ ಸುಮ್ಮನಾಗಲಿಲ್ಲ, ಪಂಪು ಕಸಿದುಕೊಂಡು ತಾವೂ ಒಂದಷ್ಟು ಒತ್ತಿದರು. ನನಗಿಂತ ಚೆನ್ನಾಗಿಯೇ ಒತ್ತಿದರು. ಆಮೇಲೆ ವಾಲ್ವಿನ ಕಡೆ ಬೆರಳು ತೋರಿಸಿ, "ಇದು ಬ್ಯಾರೆ ನಮೂನಿ ಐತಲ್ಲ" ಎಂದರು.

ಬೇರೆಯೇ. ಅವರ ಸೈಕಲ್ಲಿನದು ಒಳಗೆ ತೆಳುವಾದ ರಬ್ಬರ್ ಕೊಳವೆ ತೊಡಿಸಿದ ಹಳೆಯ ವಾಲ್ವು. ಆ ರಬ್ಬರ್ ಸವೆದರೆ ಕಿರಾಣಿ ಅಂಗಡಿಯಲ್ಲೂ ಹೊಸದು ಸಿಗುತ್ತದೆ. ಬೈಕು, ಕಾರು, ಲಾರಿಗಳದ್ದು ದಪ್ಪ ಕತ್ತಿನ ಶ್ರೇಡರ್. ನನ್ನದು ಪ್ರೆಸ್ಟಾ: ಸಣಕಲು ಕತ್ತು, ತುದಿಯಲ್ಲೊಂದು ಪುಟ್ಟ ತಿರುಪು. ಅದನ್ನು ಸಡಿಲಿಸಿ ಒಮ್ಮೆ ಒತ್ತಿ 'ಪುಸ್' ಅನ್ನಿಸದ ಹೊರತು ಗಾಳಿ ಒಳಗೆ ಹೋಗುವುದಿಲ್ಲ. ಬೆಲೆಬಾಳುವ ಸೈಕಲ್ ಮಾರುವವರು ಈ ವಾಲ್ವನ್ನು ಬಲು ಹೊಗಳುತ್ತಾರೆ. ಹಳ್ಳಿಯ ರಸ್ತೆಯಲ್ಲಿ ನನಗೆ ಅದರ ಮೇಲೆ ಪ್ರೀತಿ ಹುಟ್ಟಿಲ್ಲ. ಊರೂರಿಗೂ ಗಾಳಿಯಂಗಡಿ ಇರುವ ನಾಡಿನಲ್ಲಿ ಯಾವ ಅಂಗಡಿಯ ಪೈಪಿಗೂ ಕೂರದ ಬಾಯಿ ಅದು.

ಅದಕ್ಕೇ ಹಿತ್ತಾಳೆಯ ಅಡಾಪ್ಟರುಗಳನ್ನು ಜೇಬಿನಲ್ಲಿಟ್ಟುಕೊಂಡಿರುತ್ತೇನೆ. ಕಡಲೆಕಾಳಿನಷ್ಟು ಸಾಮಾನು, ಪ್ರೆಸ್ಟಾದ ಮೇಲೆ ತಿರುಗಿಸಿದರೆ ಶ್ರೇಡರ್ ಆಗುತ್ತದೆ. ಮೆತ್ತಗಿನ ಟೈರಿನಲ್ಲೇ ಗುಂಡಿ ತಪ್ಪಿಸುತ್ತ ಸಾಣಾಪುರ ಸೇರಿ, ಟ್ರ್ಯಾಕ್ಟರ್ ಚಕ್ರ ಬಿಚ್ಚಿ ಕೂತಿದ್ದ ಪಂಕ್ಚರ್ ಅಂಗಡಿಯ ಹುಡುಗನಿಗೆ ಅದನ್ನು ತೋರಿಸಿದೆ. "ಹುಷಾರು, ಒಂದೊಂದೇ ಸಲ ಒತ್ತು" ಎಂದೂ ಹೇಳಿದೆ. ಟ್ರ್ಯಾಕ್ಟರಿನ ಟೈರು ನುಂಗುವ ಗಾಳಿ ಎಷ್ಟು, ಸೈಕಲ್ಲಿನದೆಷ್ಟು! ಕಂಪ್ರೆಸರ್ ಪೈಪು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಟ್ಯೂಬು ಸಿಡಿಸಬಲ್ಲದು. ಹುಡುಗ ಒತ್ತಿದ, ಬಿಟ್ಟ, ಹೆಬ್ಬೆರಳಿಂದ ಅದುಮಿ ನೋಡಿದ, ಮತ್ತೆ ಒತ್ತಿದ. ಅರ್ಧ ನಿಮಿಷವೂ ಆಗಿರಲಿಲ್ಲ, ಟೈರು ಕಲ್ಲಿನಂತಾಯಿತು.

ದುಡ್ಡು ಬೇಡವೆಂದ. ಬದಲಿಗೆ ಅಡಾಪ್ಟರನ್ನು ಅಂಗೈಯಲ್ಲಿ ಹೊರಳಿಸುತ್ತ, "ಫಾರಿನ್ನಿನವ್ರು ಇಂಥಾ ಸೈಕಲ್ ತಗೊಂಡ್ ಬರ್ತಾರ್ರೀ, ಗಾಳಿ ಹಾಕಾಕ ಬರಂಗಿಲ್ಲಂತ ಕಳಿಸಿಬಿಡ್ತೀನಿ. ಇದು ಎಲ್ಲಿ ಸಿಗತೈತಿ?" ಎಂದ. ಬೆಂಗಳೂರಿನ ಅಂಗಡಿಗಳಲ್ಲಿ ಎಂದೆ. ಅವನ ಮುಖ ನೋಡಿ, ಜೇಬಿನಲ್ಲಿ ಇನ್ನೊಂದಿದೆ ಇಟ್ಟುಕೋ ಎಂದೆ. ತಕ್ಷಣ ಒಂದು ತಂತಿ ಹುಡುಕಿ ಅದನ್ನು ಕಂಪ್ರೆಸರಿನ ಪೈಪಿಗೇ ಬಿಗಿದ, ಯಾರೂ ಎತ್ತಿಕೊಂಡು ಹೋಗಬಾರದಲ್ಲ. ನಾನು ಮುನಿರಾಬಾದಿನ ದಾರಿ ಹಿಡಿದೆ, ರಸ್ತೆಯ ನಡುಮಧ್ಯದಲ್ಲೇ.