ಬಿಡಿಯಾಗಿ ಸರಿ, ಕೂಡಿದಾಗ?

ಗಣಕಯಂತ್ರದ ಪರದೆಯ ಮೇಲೆ ಕಾಣುವ ಅರ್ಜಿಯೊಂದು ಹಲವು ಘಟಕಗಳಿಂದ ಕೂಡಿರುತ್ತದೆ. ಹೆಸರು ಬರೆಯುವ ಚೌಕ ಒಂದು, ತಾಲ್ಲೂಕುಗಳ ಪಟ್ಟಿ ಇನ್ನೊಂದು, ‘ಸಲ್ಲಿಸು’ ಎಂಬ ಗುಂಡಿ ಮತ್ತೊಂದು. ಇವನ್ನು ಒಂದೊಂದಾಗಿ ಪರೀಕ್ಷಿಸುವುದು ಘಟಕಪರೀಕ್ಷೆ. ಎಲ್ಲವನ್ನೂ ಕೂಡಿಸಿ, ಬಳಸುವವರು ಬಳಸುವಂತೆಯೇ ನಡೆಸಿ ನೋಡುವುದು ಸಂಯೋಜಿತ ಪರೀಕ್ಷೆ. ಹಳಿಯಾಳದಲ್ಲಿದ್ದುಕೊಂಡು ಈ ಎರಡನೆಯದನ್ನು ಬರೆಯಲು ಕಲಿಯುತ್ತಿರುವ ನನಗೆ ಇದು ಕೇವಲ ತಂತ್ರದ ಮಾತೆಂದು ತೋರುವುದಿಲ್ಲ.

ಭಾಗಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದರೂ ಒಟ್ಟು ಕಾರ್ಯ ಕೆಡಬಹುದು. ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ 1999ರ ಸೆಪ್ಟೆಂಬರಿನಲ್ಲಿ ಮಂಗಳನ ಬಳಿ ನಷ್ಟವಾಯಿತು. ಒಂದು ತಂಡ ಪೌಂಡಿನ ಮಾನದಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಂದು ತಂಡ ಮೆಟ್ರಿಕ್ ಮಾನದ್ದೆಂದು ಬಳಸಿತ್ತು.

ಅಭ್ಯಾಸಕ್ಕೆಂದು ನಾನು ಆರಿಸಿಕೊಂಡದ್ದು ವಿದ್ಯಾರ್ಥಿವೇತನದ ಅರ್ಜಿಯನ್ನು. ಕೆಂಟ್ ಸಿ. ಡಾಡ್ಸ್ ಅವರು 2018ರಲ್ಲಿ ಹೊರತಂದ ‘ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿ’ಯ ಕ್ರಮದಲ್ಲಿ, ಪರೀಕ್ಷೆಯು ಒಳಗಿನ ಸಂಕೇತಗಳನ್ನು ನೆಚ್ಚದೆ, ಕಣ್ಣಿಗೆ ಕಾಣುವ ಹೆಸರಿನಿಂದಲೇ ಚೌಕವನ್ನು ಗುರುತಿಸಿ, ಅಕ್ಷರ ತುಂಬಿ, ಗುಂಡಿ ಒತ್ತಿ, ಪರದೆಯಲ್ಲಿ ಮೂಡುವ ಉತ್ತರವನ್ನು ನೋಡುತ್ತದೆ. ಆಗ ಏಳುವ ಮೊದಲ ಪ್ರಶ್ನೆ: ಬಳಸುವವರು ಯಾರು?

ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ನೆಲೆಯಿದೆ. ಅವರಲ್ಲಿ ಅನೇಕರಿಗೆ ಅಡ್ಡಹೆಸರೇ ಇಲ್ಲ. ‘ಅಡ್ಡಹೆಸರು ಕಡ್ಡಾಯ’ವೆಂದಿದ್ದರೆ ಚೌಕವೂ ಸರಿ, ಗುಂಡಿಯೂ ಸರಿ, ವಿದ್ಯಾರ್ಥಿಯ ಅರ್ಜಿ ಮಾತ್ರ ಮುಂದೆ ಸಾಗದು. ದಾಂಡೇಲಿ 2018ರಲ್ಲಿ ಹಳಿಯಾಳದಿಂದ ಬೇರೆಯಾಗಿ ತಾಲ್ಲೂಕಾಯಿತು. ಹಳೆಯ ಪಟ್ಟಿಯಲ್ಲಿ ಆ ಹೆಸರು ಸಿಗದು. ಜೋಯಿಡಾದ ಕಾಡಿನ ಹಳ್ಳಿಯಲ್ಲಿ ಸಂಪರ್ಕ ಮಂದವಾದರೆ ಹುಡುಗಿಯೊಬ್ಬಳು ಗುಂಡಿಯನ್ನು ಎರಡು ಸಲ ಒತ್ತುವಳು; ಅರ್ಜಿ ಎರಡಾಗಿ ದಾಖಲಾಗಬಾರದು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಎಣಿಕೆಯಲ್ಲಿ ಆರು. ಅಕ್ಷರಮಿತಿಯನ್ನು ಇಂಗ್ಲಿಷ್ ಹೆಸರಿನ ಅಳತೆಗೆ ಇಟ್ಟರೆ ಕನ್ನಡದ ಹೆಸರು ನಡುವೆಯೇ ತುಂಡಾಗುತ್ತದೆ. ಇವೆಲ್ಲಕ್ಕೂ ಒಂದೊಂದು ಪರೀಕ್ಷೆ ಬರೆದೆನು.

ಪರೀಕ್ಷೆ ತೇರ್ಗಡೆಯಾದಾಗ ಹಸಿರು ಗುರುತು ಮೂಡುತ್ತದೆ. ಅದು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ. ಕೇಳದೆ ಬಿಟ್ಟದ್ದರ ಬಗ್ಗೆ ಅದು ಮೌನ. ಸುಲಭವಾದ ಪ್ರಶ್ನೆಗಳನ್ನಷ್ಟೇ ಕೇಳಿ ಹಸಿರು ತೋರಿಸುವುದು ಸುಳ್ಳಲ್ಲದಿರಬಹುದು, ಪೂರ್ಣ ಸತ್ಯವಂತೂ ಅಲ್ಲ.

ಇಂದು ಅನೇಕ ಟ್ರಸ್ಟುಗಳು ವಿದ್ಯಾರ್ಥಿವೇತನಕ್ಕೂ ವಸತಿಗೃಹಕ್ಕೂ ಅರ್ಜಿಗಳನ್ನು ಗಣಕದಲ್ಲೇ ಸ್ವೀಕರಿಸುತ್ತಿವೆ. ಅರ್ಜಿ ತೆರೆಯುವ ಮುನ್ನ ಕಾರ್ಯದರ್ಶಿಗಳು ತಯಾರಕರನ್ನು ಒಂದು ಮಾತು ಕೇಳಬೇಕು: ‘ಯಾರ ಯಾರ ಹೆಸರಿನಲ್ಲಿ, ಮೊದಲಿನಿಂದ ಕೊನೆಯವರೆಗೆ ತುಂಬಿ ನೋಡಿದ್ದೀರಿ?’ ನಿಂತುಹೋದ ಅರ್ಜಿಯ ಹಿಂದೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷ ಇರುತ್ತದೆ.